ವೇಗಸ್ಸಿನಿಂದ, ಊದಿದ ಕಾಲುಗಳ ಸಮೇತ

ಲೋ ಶೇಖರ,

ಲಾಸ್ ವೇಗಸ್ಸಿನಿಂದ ಬರೀತಿದೀನಿ. ಎರಡೂ ಕಾಲನ್ನ ಬಿಸಿನೀರಿನ ತೊಟ್ಟಿಗೆ ಇಳಿಬಿಟ್ಟು ಕೂತಿದೀನಿ. ಜೂಜಿನ ಮೇಜಿನ ಹತ್ತಿರಾನೂ ಸುಳೀಲಿಲ್ಲ ಮಾರಾಯ. ಬೆಳಿಗ್ಗೆಯಿಂದ ಸಂಜೆವರೆಗೆ ಕಾರು ನೋಡಿದ್ದಕ್ಕೇ ಈ ಗತಿ.

ಪ್ರತಿವರ್ಷ ನವೆಂಬರ್ ಹೊತ್ತಿಗೆ ಇಲ್ಲಿ ಸೆಮಾ ಶೋ ಅಂತ, ಮಾರ್ಪಡಿಸಿದ ಕಾರುಗಳ ದೊಡ್ಡ ಪ್ರದರ್ಶನ ನಡೆಯುತ್ತೆ. 1967ರಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ ಸ್ಟೇಡಿಯಂನಲ್ಲಿ ಶುರುವಾಗಿದ್ದು, 1977ರಲ್ಲಿ ಈ ಮರುಭೂಮಿಗೆ ಬಂತು. ಅಸಲಿಗೆ ಇದು ಬಿಡಿಭಾಗ ಮಾರೋರು, ಕೊಳ್ಳೋರು ಸೇರೋ ಸಂತೆ, ನಮ್ಮಂಥವರಿಗೆ ಬಾಗಿಲಿಲ್ಲ. ಈಚೆಗೆ ಕೊನೇ ದಿನ ಶುಕ್ರವಾರ ಮಾತ್ರ ಹೊರಗಿನವರಿಗೂ ಟಿಕೆಟ್ ಕೊಡ್ತಾರೆ. ನಾನು ನುಗ್ಗಿದ್ದು ಹಾಗೆ.

ಒಳಗೆ ಕಾಲಿಟ್ಟಾಗ ಮೊದಲು ಕಿವಿಗೆ ಬಿದ್ದದ್ದು ಏನು ಗೊತ್ತಾ? ಬರೀ ಜನರ ಗುಜುಗುಜು. ಸಾಲು ಸಾಲು ಎಂಜಿನ್ನು, ಒಂದರ ಬಾನೆಟ್ ಸೀಳಿಕೊಂಡು, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕೋ ಸೂಪರ್‌ಚಾರ್ಜರ್ ಮೇಲೆದ್ದಿದೆ, ಆದರೆ ಒಂದಕ್ಕೂ ಉಸಿರಿಲ್ಲ. ನನಗೋ ಒಡವೆ ಅಂಗಡಿಗೆ ಹೋದ ಹಾಗಾಯ್ತು. ಹೊಸ ಕಾರುಗಳಂತೂ ಎಲ್ಲಾ ಒಂದೇ ಅಚ್ಚು: ಅಗಲದ ಮಡ್‌ಗಾರ್ಡು, ಹಿಂದೆ ಹಲಗೆಯಷ್ಟು ದೊಡ್ಡ ರೆಕ್ಕೆ, ಮೈತುಂಬ ಸ್ಟಿಕ್ಕರು. ಹತ್ತು ನೋಡೋ ಹೊತ್ತಿಗೆ ಆಕಳಿಕೆ. ಎದೆಮಟ್ಟದ ಟಯರಿನ ಪಿಕಪ್ಪುಗಳ ಅಡಿಯಲ್ಲಿ ಕನ್ನಡಿ ಇಟ್ಟಿದ್ದರು, ಆಕ್ಸಲ್ಲಿಗೂ ಕ್ರೋಮ್ ಹಾಕಿದ್ದು ಕಾಣಲಿ ಅಂತ! ಕೆಸರು ಕಾಣದ ಜನ್ಮ ಅವು.

1950ರ ಮರ್ಕ್ಯುರಿ ಅನ್ನೋ ಒಂದು ಹಳೇ ಅಮೆರಿಕನ್ ಕಾರಿನ ಮುಂದೆ ಮಾತ್ರ ಕಾಲು ತಾನಾಗೇ ನಿಂತುಬಿಡ್ತು. ತಲೆಯನ್ನೇ ತಗ್ಗಿಸಿದ ಕಾರು. ಛಾವಣಿಯ ಕಂಬಗಳನ್ನ ಕೊಯ್ದು, ನಾಲ್ಕು ಬೆರಳಷ್ಟು ತೆಗೆದು, ಮತ್ತೆ ಬೆಸೆಯೋದು. ಹೇಳೋಕೆ ಸುಲಭ. ಕಂಬಗಳು ಓರೆಯಾಗಿರುತ್ತಲ್ಲ, ಮೋಟು ಮಾಡಿದ ಮೇಲೆ ಮೇಲಿನ ತುಂಡು ಕೆಳಗಿನ ತುಂಡಿಗೆ ಕೂರೋದೇ ಇಲ್ಲ. ಆಗ ಛಾವಣಿಯನ್ನೇ ಉದ್ದ ಮಾಡಬೇಕು, ಇಲ್ಲವೇ ಹಿಂದಿನ ಗಾಜನ್ನ ಮಲಗಿಸಬೇಕು. ಹಿಂದಿನ ಕಾಲದಲ್ಲಿ ಬೆಸುಗೆಯ ಏರುತಗ್ಗಿಗೆ ಸೀಸ ಕರಗಿಸಿ ಮೆತ್ತಿ, ಅರದಿಂದ ಉಜ್ಜಿ ನುಣ್ಣಗೆ ಮಾಡ್ತಿದ್ದರು. ಅದಕ್ಕೇ ಇಂಥವಕ್ಕೆ ‘ಲೆಡ್ ಸ್ಲೆಡ್’, ಸೀಸದ ಜಾರುಬಂಡಿ, ಅಂತ ಹೆಸರು. ಆ ಕಾರಿನ ಕಂಬದಲ್ಲಿ ಬೆಸುಗೆ ಎಲ್ಲಿದೆ ಅಂತ ಬಗ್ಗಿ ಬಗ್ಗಿ ಹುಡುಕಿದೆ. ಸಿಗಲಿಲ್ಲ. ಬಣ್ಣ ಕ್ಯಾಂಡಿ ಕೆಂಪು: ತಳಕ್ಕೆ ಬೆಳ್ಳಿ, ಅದರ ಮೇಲೆ ಪಾರದರ್ಶಕ ಕೆಂಪಿನ ತೆಳು ಪದರಗಳು. ಒಂದು ಪದರ ಹೆಚ್ಚಾದರೂ ಆ ಬಾಗಿಲಿನ ಬಣ್ಣ ಪಕ್ಕದ ಬಾಗಿಲಿಗಿಂತ ಗಾಢವಾಗಿಬಿಡುತ್ತೆ.

ಅಲ್ಲೇ ಸ್ವಲ್ಪ ದೂರದಲ್ಲಿ ಒಬ್ಬ ಅಜ್ಜ ಡಿಕ್ಕಿಯ ಮುಚ್ಚಳಕ್ಕೆ ಗೆರೆ ಎಳೀತಿದ್ದ. ಅಳಿಲಿನ ಕೂದಲಿನ ಕುಂಚ. ಹಿಡಿ ಮೋಟು, ಕೂದಲು ಉದ್ದ, ಕತ್ತಿಯ ಅಲಗಿನ ಹಾಗೆ. ಹಳೇ ಪತ್ರಿಕೆಯ ನುಣುಪು ಹಾಳೆ ಮೇಲೆ ಬಣ್ಣ ತೀಡಿ, ಕಿರುಬೆರಳನ್ನ ಲೋಹಕ್ಕೆ ಆನಿಸಿ, ಒಂದೇ ಉಸಿರಿಗೆ ಎಳೆದ. ಮಣಿಕಟ್ಟು ಅಲುಗಲಿಲ್ಲ, ಇಡೀ ಮೈ ಸರಿದು ಹೋಯ್ತು. ನಿನ್ನ ಯೆಜ್ಡಿ ಟ್ಯಾಂಕಿಗೆ ಲಾರಿ ಪೇಂಟರ್ ಬೀಡಿ ಕಚ್ಚಿಕೊಂಡೇ ಹಳದಿ ಗೆರೆ ಎಳೆದಿದ್ದನಲ್ಲ, ನೆನಪಿದೆಯಾ? ಅದೇ ಕೈ ಕಣೋ. ಎಡಗಡೆ ಎಳೆದದ್ದರ ಪಡಿಯಚ್ಚನ್ನ ಬಲಗಡೆಗೂ ಎಳೆದ ಮೇಲೆ ಅಜ್ಜ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ಪೆದ್ದನ ಹಾಗೆ ಚಪ್ಪಾಳೆ ತಟ್ಟಿದೆ.

ಸಂಜೆ ಶೋ ಮುಗಿದ ಮೇಲೆ ಕಾರುಗಳನ್ನ ಸಾಲಾಗಿ ರಸ್ತೆಗೆ ಬಿಡ್ತಾರೆ. ಜನ ಫುಟ್‌ಪಾತಿನ ತುಂಬ. ಬಿಸಿಲು ಇಳಿದಿದ್ದೇ ತಡ ಮರುಭೂಮಿಯ ಚಳಿ, ನಾನೋ ಬರೀ ಟೀ ಶರ್ಟಲ್ಲಿ. ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದ ಎಂಜಿನ್ನುಗಳು ಒಟ್ಟಿಗೆ ಗಂಟಲು ಬಿಚ್ಚಿದಾಗ ಎದೆಯೊಳಗೆ ನಡುಕ ಹೊಕ್ಕಿತು. ಮಿನುಗುತ್ತಿದ್ದ ಹೊಸ ಕಾರೊಂದನ್ನ ನಾಲ್ಕು ಜನ ಬೆವರು ಸುರಿಸಿ ತಳ್ಳಿಕೊಂಡು ಟ್ರೇಲರಿಗೆ ಹತ್ತಿಸ್ತಿದ್ದರು. ಆಮೇಲೆ ಬಂತು ನೋಡು ಮರ್ಕ್ಯುರಿ. ಗುಡುಗುಡು ಅಂತ, ಅವಸರವೇ ಇಲ್ಲ. ತಿರುವಲ್ಲಿ ಅದರ ಹೊಟ್ಟೆ ರಸ್ತೆಗೆ ತಾಗಿ ಕರ್ ಅಂತು. ಪಕ್ಕದಲ್ಲಿದ್ದೋನು ಅಯ್ಯೋ ಅನ್ನೋ ಹಾಗೆ ಹಲ್ಲು ಕಚ್ಚಿದ. ಓಡಿಸ್ತಿದ್ದ ಯಜಮಾನ ಕಿಟಕಿಯಿಂದ ಮೊಣಕೈ ಹೊರಗಿಟ್ಟು ನಗ್ತಿದ್ದ.

ಫೋನಲ್ಲಿ ಆ ಸದ್ದು ರೆಕಾರ್ಡ್ ಮಾಡಿದೀನಿ. ಕಳಿಸ್ತೀನಿ, ಹೆಡ್‌ಫೋನ್ ಹಾಕ್ಕೊಂಡೇ ಕೇಳು.

ನಿನ್ನ
ರವಿ