ಮೂರು ಕಿಲೋಮೀಟರ್ ತೋಡಿ ಮೂವತ್ತೈದು ಅಳೆದವರು

ಪ್ರಿಯ ಶ್ರೀನಿವಾಸ,

ಮೂರು ಕಿಲೋಮೀಟರ್ ತೋಡುವಷ್ಟರಲ್ಲೇ ಕೆಜಿಎಫ್‌ನವರಿಗೆ ಸಾಕುಬೇಕಾಗಿತ್ತು, ಹಾಗಿರುವಾಗ ಭೂಕವಚ, ಅಂದರೆ ಭೂಮಿಯ ಹೊರಗಿನ ಗಟ್ಟಿ ಪದರ, 35 ಕಿಲೋಮೀಟರ್ ದಪ್ಪ ಎಂದು ಭೂಕಂಪ ವಿಜ್ಞಾನಿಗಳು ಹೇಗೆ ಹೇಳುತ್ತಾರೆ ಎಂದು ಕೇಳಿದ್ದೆಯಲ್ಲ. ಆ ಲೆಕ್ಕದಲ್ಲಿ ನಿಮ್ಮೂರಿನ ಗಣಿಗೂ ಪಾಲಿದೆ ಮಾರಾಯ.

1963ರ ಒಪ್ಪಂದ ಅಣುಬಾಂಬ್ ಪರೀಕ್ಷೆಗಳನ್ನು ನೆಲದ ಮೇಲೆ ನಿಷೇಧಿಸಿ, ನೆಲದಡಿಯಲ್ಲಿ ಬಿಟ್ಟುಕೊಟ್ಟಿತು. ಯಾರು ಎಲ್ಲಿ ಸಿಡಿಸಿದರೆಂದು ಪತ್ತೆಹಚ್ಚುವ ಕಾಣದ ಕಾವಲು ಬೇಕಾಯಿತು. 1965ರಲ್ಲಿ ಬ್ರಿಟನ್ನಿನ ಸಹಯೋಗದಲ್ಲಿ ಗೌರಿಬಿದನೂರಿನ ಬಳಿ 20 ಭೂಕಂಪಮಾಪಕಗಳನ್ನು ಇಂಗ್ಲಿಷಿನ 'ಎಲ್' ಆಕಾರದಲ್ಲಿ ನೆಟ್ಟರು. ಒಂದೊಂದು ತೋಳು ಸುಮಾರು 25 ಕಿಲೋಮೀಟರ್.

ಒಂದೇ ಮಾಪಕ ಏಕೆ ಸಾಲದು? ಅಡ್ಡಡ್ಡ ಬಂದ ಅಲೆಗೆ ಆ ತೋಳನ್ನು ದಾಟಲು ನಾಲ್ಕು ಸೆಕೆಂಡಿಗೂ ಹೆಚ್ಚು ಹಿಡಿದರೆ, ಹತ್ತು ಸಾವಿರ ಕಿಲೋಮೀಟರ್ ಆಚೆಯ ಕಂಪನ ಆಳದಿಂದ ಹೆಚ್ಚುಕಡಿಮೆ ನೆಟ್ಟಗೆ ಮೇಲೇರಿ ಬಂದು ಒಂದೇ ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಲೆ ಯಾವ ಕೋನದಲ್ಲಿ ಬಂತು, ಎಷ್ಟು ಆಳ ಮುಟ್ಟಿ ಬಂತು ಎಂಬುದೆಲ್ಲ ಈ ವ್ಯತ್ಯಾಸದಲ್ಲೇ ಸಿಗುತ್ತದೆ. ಸಮಯದ ತಡವನ್ನು ಸರಿಹೊಂದಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ಅಲೆ ಇಪ್ಪತ್ತು ಪಟ್ಟು ಹಿಗ್ಗುತ್ತದೆ. ಲಾರಿ, ಪಂಪ್‌ಸೆಟ್, ಗಾಳಿಯ ಗದ್ದಲ ಒಂದೊಂದು ಮಾಪಕದಲ್ಲಿ ಒಂದೊಂದು ಥರ ಇರುವುದರಿಂದ ನಾಲ್ಕೂವರೆ ಪಟ್ಟಷ್ಟೇ.

ಇನ್ನು ನಿಮ್ಮ ಗಣಿಯ ವಿಷಯ. ಅಲ್ಲಿ ಆಳದ ಒತ್ತಡಕ್ಕೆ ಬಂಡೆ ತಾನಾಗಿಯೇ ಜೋರಾಗಿ ಸಿಡಿದಾಗ ನೂರು ಕಿಲೋಮೀಟರಿಗೂ ಆಚೆಯ ಗೌರಿಬಿದನೂರಿನಲ್ಲಿ ದಾಖಲಾಗುತ್ತಿತ್ತು. ಸಿಡಿದ ಜಾಗ ಗೊತ್ತಿದ್ದದ್ದರಿಂದ ಅಲೆಯ ವೇಗ ಲೆಕ್ಕಹಾಕುವವರಿಗೆ ಅದು ಚಿನ್ನಕ್ಕಿಂತ ಮೇಲು. ಒಳಗಿದ್ದ ನಿಮ್ಮ ತಂದೆಯವರಂಥವರಿಗೆ ಜೀವ ಕೈಯಲ್ಲಿ ಹಿಡಿಯುವ ಗಳಿಗೆ, ಇವರಿಗೆ ಅಂಕಿಅಂಶ, ನೆನೆದರೆ ಕಸಿವಿಸಿಯಾಗುತ್ತದೆ.

ಭೂಕವಚದ ಮೇಲ್ಭಾಗದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5.7 ಕಿಲೋಮೀಟರ್, ಅದರ ಕೆಳಗಿನ ಪದರವಾದ ಮ್ಯಾಂಟಲ್‌ನಲ್ಲಿ 8. ಆದ್ದರಿಂದ ಭೂಕಂಪಗಳಾಗುವ ಮಹಾರಾಷ್ಟ್ರದ ಕೊಯ್ನಾದಂಥ ದೂರದಿಂದ ಬರುವಾಗ ಮ್ಯಾಂಟಲ್‌ಗೆ ಇಳಿದು ಸುತ್ತಿ ಬಂದ ಅಲೆಯೇ, ಮೇಲಿನಿಂದ ನೇರ ಬಂದದ್ದಕ್ಕಿಂತ ಇಪ್ಪತ್ತು ಸೆಕೆಂಡ್ ಮೊದಲು ಮುಟ್ಟುತ್ತದೆ! ಎಷ್ಟು ದೂರಕ್ಕೆ ಎಷ್ಟು ಮೊದಲು ಎಂದು ನೋಡಿದರೆ ಎರಡು ಪದರಗಳ ನಡುವಿನ ಗಡಿಯ ಆಳ, ಅಂದರೆ ಭೂಕವಚದ ದಪ್ಪ ತಿಳಿಯುತ್ತದೆ. ಹಿಂದೂಕುಷ್ ಕಡೆಯ ಕಂಪನಗಳು ಇನ್ನೂ ಕೆಳಗೆ, 410 ಕಿಲೋಮೀಟರ್ ಹಾಗೂ 660 ಕಿಲೋಮೀಟರ್ ಆಳದಲ್ಲಿ ಅಲೆಯ ವೇಗ ತಟ್ಟನೆ ಏರುವ ಮೆಟ್ಟಿಲುಗಳನ್ನು ತಡವಿ ಬರುತ್ತವೆ.

ಅಂದಹಾಗೆ, 35 ಎಂಬುದು ನಮ್ಮ ಪೂರ್ವ ಭಾಗದ ಲೆಕ್ಕ. ಚಿತ್ರದುರ್ಗದಿಂದ ಪಶ್ಚಿಮಕ್ಕೆ ಹೋದರೆ ಕೆಲವೆಡೆ 50 ದಾಟುತ್ತದೆ. ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ನೆಲ ಸವೆದು ತೆಳುವಾಗಿರಬೇಕಿತ್ತಲ್ಲ, ಅಲ್ಲೇ ಏಕೆ ಅಷ್ಟು ದಪ್ಪ? ಭೂವಿಜ್ಞಾನ ಓದಿದವನು ನೀನು, ಈ ಸಲ ಉತ್ತರ ಬರೆಯುವ ಸರದಿ ನಿನ್ನದು.

ನಿನ್ನ,
ರಘು