ಪೋಲ್‌ವಾಲ್ಟ್ ಮಕ್ಕಳ ಮಳೆಗಾಲ ವ್ಯರ್ಥವಾಗದಿರಲಿ

ಮಾನ್ಯ ಸಂಪಾದಕರೆ,

ಮೃಗಶಿರಾ ಮಳೆ ಹಿಡಿಯಿತೆಂದರೆ ಧಾರವಾಡದ ಕಡೆ ಪೋಲ್‌ವಾಲ್ಟ್ (ಉದ್ದನೆಯ ಕೋಲೂರಿ ಅಡ್ಡ ಬಾರ್ ದಾಟಿ ಹಾರುವ ಆಟ) ಅಭ್ಯಾಸ ನಿಂತುಹೋಗುತ್ತದೆ. ಲ್ಯಾಂಡಿಂಗ್ ಮ್ಯಾಟಿನ ಮೇಲೆ ತಾಡಪತ್ರಿ ಬೀಳುತ್ತದೆ, ಕೋಲುಗಳು ಸಾಮಾನಿನ ಖೋಲಿ ಸೇರುತ್ತವೆ, ಮಕ್ಕಳು ದಸರೆ ಕಳೆಯಲಿ ಎಂದು ಮನೆ ಹಿಡಿಯುತ್ತಾರೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ 31 ವರ್ಷ ದುಡಿದು, ನಿವೃತ್ತನಾದ ಮೇಲೂ ಬೆಳಗಿನ ಹೊತ್ತು ಕೆಲವು ಮಕ್ಕಳಿಗೆ ಈ ಕ್ರೀಡೆಯನ್ನು ಹೇಳಿಕೊಡುತ್ತಿರುವ ನನಗೆ ಪ್ರತಿ ವರ್ಷವೂ ಇದೇ ಸಂಕಟ. ಕಾಲೇಜು ಮಕ್ಕಳ ಮುಖ್ಯ ಕೂಟಗಳು ಮಳೆಗಾಲ ಕಳೆದ ಮೇಲೆ ಬರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಅವರಿಗೆ ಬಿಡುವಿನ ಕಾಲವೆಂಬುದು ನಿಜ. ಆದರೆ ಮುಂದಿನ ಕೂಟದಲ್ಲಿ ಅವರು ಎಷ್ಟು ಎತ್ತರ ಹಾರುತ್ತಾರೆಂಬುದು ತೀರ್ಮಾನವಾಗುವುದು ಈ ತಿಂಗಳುಗಳಲ್ಲಿಯೇ. ಅದಕ್ಕೆ ಬೇಕಾದ ಹೆಚ್ಚಿನ ಸಲಕರಣೆ ನಮ್ಮ ಗರಡಿಮನೆಗಳಲ್ಲಿ ಈಗಾಗಲೇ ಇದೆ ಎಂಬುದನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಪೋಲ್‌ವಾಲ್ಟ್ ತೋಳ್ಬಲದ ಆಟವೆಂದು ಬಹಳ ಜನ ತಿಳಿದಿದ್ದಾರೆ. ಅದು ಮೊದಲಿಗೆ ಓಟ. ಓಟದಲ್ಲಿ ಗಳಿಸಿದ ವೇಗವೇ ಬಾಗಿದ ಕೋಲಿನೊಳಗೆ ಸೇರಿ, ಕೋಲು ನೆಟ್ಟಗಾಗುವಾಗ ಎತ್ತರವಾಗಿ ಮರಳುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವನ ಚಲನಶಕ್ತಿಯೆಲ್ಲ ಎತ್ತರವಾಗಿ ಬದಲಾಯಿತೆಂದು ಲೆಕ್ಕ ಹಿಡಿದರೆ ಅವನ ದೇಹದ ಗುರುತ್ವಕೇಂದ್ರ ಸುಮಾರು 3.3 ಮೀಟರ್ ಮೇಲೇರಬಲ್ಲದು. ವೇಗ 9 ಮೀಟರ್ ಆದರೆ ಅದೇ ಲೆಕ್ಕ 4.1 ಮೀಟರಿಗೆ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ 6.30 ಮೀಟರ್ ಹಾರಿದ ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್, ಅದರ ಹಿಂದಿನ ವರ್ಷ ಜ್ಯೂರಿಕ್‌ನಲ್ಲಿ 100 ಮೀಟರನ್ನು 10.37 ಸೆಕೆಂಡಿನಲ್ಲಿ ಓಡಿದ್ದರು. ವೇಗ ಬೆಳೆಸಲು ಮ್ಯಾಟ್ ಬೇಡ, ಬಾರ್ ಬೇಡ. ಮಳೆ ಹೊಳವಾದ ಹೊತ್ತು ನೋಡಿಕೊಂಡು ಹುಬ್ಬಳ್ಳಿಯ ಮಕ್ಕಳು ನೃಪತುಂಗ ಬೆಟ್ಟದ ಏರಿನಲ್ಲಿ ವಾರಕ್ಕೆ ಎರಡು ದಿನ 40–50 ಮೀಟರಿನ ಆರೆಂಟು ಓಟ ಓಡಿ, ಪ್ರತಿ ಸಲವೂ ನಿಧಾನವಾಗಿ ನಡೆದು ಇಳಿದರೆ ಸಾಕು. ಇನ್ನೊಂದು ದಿನ ಸಮತಟ್ಟಾದ ಜಾಗದಲ್ಲಿ ಕೈಯಲ್ಲಿ ಬಿದಿರಿನ ಗಳ ಹಿಡಿದು ಓಡಬೇಕು. ಬರಿಗೈಯಲ್ಲಿ ಚುರುಕಾಗಿ ಓಡುವ ಎಷ್ಟೋ ಹುಡುಗರು ಕೋಲು ಹಿಡಿದ ಕೂಡಲೇ ಕುಂಟುತ್ತಾರೆ. ಮೊದಲು ಮೇಲಿದ್ದ ಕೋಲಿನ ತುದಿ ಹೆಜ್ಜೆಹೆಜ್ಜೆಗೂ ಇಳಿಯುತ್ತ ಬರಬೇಕು, ಕೊನೆಯ ಮೂರು ಹೆಜ್ಜೆಗಳಲ್ಲಿ ಕೈಗಳು ತಲೆಯ ಮೇಲಕ್ಕೆ ಏರಬೇಕು, ಇಷ್ಟಾದರೂ ವೇಗ ಕುಗ್ಗಬಾರದು. ಇದು ಮೈಗೆ ಹತ್ತಲು ತಿಂಗಳುಗಳೇ ಬೇಕು. ಬಿದಿರನ್ನು ಯಾರೂ ಹಗುರವಾಗಿ ಕಾಣಬೇಕಿಲ್ಲ. 1942ರಲ್ಲಿ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 4.77 ಮೀಟರ್ ಹಾರಿದ್ದು ಬಿದಿರಿನ ಕೋಲಿನಿಂದಲೇ.

ಇನ್ನು ಗರಡಿಯ ಮಾತು. ನನ್ನ ಬಳಿ ಬರುವ ನವಲಗುಂದ ತಾಲ್ಲೂಕಿನ ಹುಡುಗನೊಬ್ಬ 3.40 ಮೀಟರಿನಲ್ಲೇ ಎರಡು ವರ್ಷ ನಿಂತುಬಿಟ್ಟಿದ್ದ. ನೆಲ ಬಿಟ್ಟ ಕೂಡಲೇ ಮೊಣಕಾಲು ಮಡಚಿ ಕೋಲಿಗೆ ಜೋತುಬೀಳುತ್ತಿದ್ದ. ಟೊಂಕ ಮೇಲೇಳುವಷ್ಟರಲ್ಲಿ ಕೋಲು ನೆಟ್ಟಗಾಗಿರುತ್ತಿತ್ತು. ತಲೆ ಕೆಳಗಾಗುವ ಭಯ ಅವನೊಳಗೆ ಕುಳಿತಿತ್ತು. ಹೋದ ವರ್ಷ ಆಷಾಢದ ಜಿಟಿಜಿಟಿ ಮಳೆಯಲ್ಲಿ ಅವನನ್ನು ಪರಿಚಯದ ಗರಡಿಯೊಂದಕ್ಕೆ ಕರೆದೊಯ್ದು, ಮಲ್ಲಕಂಬದ (ಕಂಬ ಇಲ್ಲವೆ ತೂಗುಬಿಟ್ಟ ಹಗ್ಗದ ಮೇಲೆ ಮಾಡುವ ಸಾಮು) ಹಗ್ಗಕ್ಕೆ ಹಚ್ಚಿದೆ. ಅಲ್ಲಿ ಸಾಮು ಕಲಿಸುವ ವಸ್ತಾದರು ಪೋಲ್‌ವಾಲ್ಟ್ ಕಂಡವರಲ್ಲ. ಆದರೂ ಹುಡುಗ ಎರಡು ಸಲ ಜೋತಾಡಿದ್ದನ್ನು ನೋಡಿ, “ತಮ್ಮಾ, ಮೊಣಕಾಲ ಮಡಚಬ್ಯಾಡ. ಕಾಲ ಉದ್ದ ಬಿಟ್ಟ ಬೀಸು, ಟೊಂಕ ತಾನ ಏರ್ತದ” ಎಂದರು. ನಾನು ಎರಡು ವರ್ಷ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತ ಬಂದಿದ್ದೂ ಅದನ್ನೇ; ಆದರೆ ಹಗ್ಗದ ಮೇಲೆ ಅದು ಅವನ ಮೈಗೆ ತಿಳಿಯಿತು. ಮೊದಲ ವಾರ ಅಂಗೈ ಸುಲಿದು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದ. ಆರನೆಯ ವಾರದ ಹೊತ್ತಿಗೆ ಜೋತಾಡುತ್ತಲೇ ಟೊಂಕವೆತ್ತಿ, ತಲೆ ಕೆಳಗಾಗಿ, ಎರಡೂ ಪಾದಗಳನ್ನು ಮುಷ್ಟಿಗಿಂತ ಮೇಲೆ ಹಗ್ಗಕ್ಕೆ ಮುಟ್ಟಿಸುತ್ತಿದ್ದ. ಮಳೆ ನಿಂತ ಮೇಲೆ ಮತ್ತೆ ಕೋಲು ಹಿಡಿದವನು ಮೂರು ವಾರದಲ್ಲಿ 3.70 ದಾಟಿದಾಗ ನನ್ನ ಕಣ್ಣು ತುಂಬಿ ಬಂತು.

ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಮಲ್ಲಕಂಬ ಕಲಿಯುವ ಮಕ್ಕಳು ಇಂದಿಗೂ ಇದ್ದಾರೆ. 2022ರಲ್ಲಿ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮಲ್ಲಕಂಬಕ್ಕೆ ಮೊದಲ ಸಲ ಸ್ಥಾನ ಸಿಕ್ಕಿತು. ಅದೇ ಕೂಟದಲ್ಲಿ ಶಿವ ಸುಬ್ರಮಣಿಯಂ ಪೋಲ್‌ವಾಲ್ಟ್‌ನಲ್ಲಿ 5.31 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದರು. ಅದನ್ನು ಒಂದೇ ಒಂದು ಸೆಂಟಿಮೀಟರ್ ಏರಿಸಲು 2025ರ ಡೆಹ್ರಾಡೂನ್ ಕೂಟದಲ್ಲಿ ದೇವ್ ಮೀನಾ ಬರಬೇಕಾಯಿತು. ಇಷ್ಟು ನಿಧಾನವಾಗಿ ಬೆಳೆಯುತ್ತಿರುವ ಕ್ರೀಡೆಗೆ ನಮ್ಮ ಭಾಗದ ಹಗ್ಗ, ಕಂಬ, ದಂಡ, ಬೈಠಕ್‌ಗಳಿಂದ ಬಲ ಬರುವುದಾದರೆ ಎರಡನ್ನೂ ಬೇರೆ ಬೇರೆ ಇಡುವುದು ಯಾತಕ್ಕೆ? ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಮಹಿಳೆಯರೂ ಈ ಸ್ಪರ್ಧೆಯಲ್ಲಿದ್ದಾರೆ, ಆದರೆ ನಮ್ಮ ಹಳೆಯ ಗರಡಿಗಳೊಳಗೆ ಅವರಿಗೆ ಪ್ರವೇಶವಿಲ್ಲ. ಅವರಿಗಾಗಿ ಶಾಲೆಯ ಸಭಾಂಗಣದ ಗಟ್ಟಿ ತೊಲೆಗೆ ಒಂದು ಹಗ್ಗ, ಅದರ ಕೆಳಗೆ ಎರಡು ಜಿಮ್ನಾಸ್ಟಿಕ್ಸ್ ಮ್ಯಾಟ್ ಹಾಕಿಸುವುದು ಯಾವ ಸಂಸ್ಥೆಗೂ ಭಾರವಾಗದು.

ಕೋಲುಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಅಪೂರ್ಣ. ಪ್ರತಿ ಫೈಬರ್‌ಗ್ಲಾಸ್ ಕೋಲಿನ ಮೇಲೂ ಅದರ ಉದ್ದ ಮತ್ತು ಅದು ತಾಳುವ ತೂಕ ನಮೂದಾಗಿರುತ್ತದೆ. ತನ್ನ ತೂಕಕ್ಕಿಂತ ಕಡಿಮೆ ಅಂಕೆಯ ಕೋಲನ್ನು ಯಾರೂ ಹಿಡಿಯಬಾರದು. ಅದು ಮಿತಿಮೀರಿ ಬಾಗುತ್ತದೆ, ಮುರಿಯಲೂಬಹುದು. ಹದಿನಾರು, ಹದಿನೇಳರ ಹುಡುಗರು ಬಿಡುವಿನ ತಿಂಗಳುಗಳಲ್ಲಿ ಸಾಮು ಮಾಡಿ, ಚೆನ್ನಾಗಿ ಉಂಡು ಮೂರ್ನಾಲ್ಕು ಕಿಲೊ ಹೆಚ್ಚು ತೂಗಿದರೆ ಅದು ಸಂತೋಷದ ವಿಷಯವೇ, ಆದರೆ ಅಕ್ಟೋಬರಿನಲ್ಲಿ ಅವರ ಕೈಗೆ ಮತ್ತೆ ಹಳೆಯ ಕೋಲನ್ನೇ ಕೊಡುವುದು ಅಪಾಯ. ಜಿಲ್ಲೆಯ ಶಾಲೆಯೊಂದರ ಸಾಮಾನಿನ ಖೋಲಿಯಲ್ಲಿ ಕೋಲುಗಳ ಮೇಲೆ ಕಬ್ಬಿಣದ ಕುರ್ಚಿಗಳನ್ನು ಒಟ್ಟಿದ್ದನ್ನು ನಾನು ಕಂಡಿದ್ದೇನೆ. ಅದರಲ್ಲಿ ಒಂದರ ನಡುಭಾಗದಲ್ಲಿ ಉಗುರಿನಷ್ಟೇ ಉದ್ದದ ಗೀರು ಇತ್ತು. ಯಾರ ಗಮನಕ್ಕೂ ಬಾರದೆ ಅದೇ ಕೋಲು ಮೈದಾನಕ್ಕೆ ಬಂದು, ಹುಡುಗನೊಬ್ಬ ನೆಲ ಬಿಟ್ಟ ಮರುಗಳಿಗೆ ಪಟಾಕಿ ಸಿಡಿದಂತೆ ಸದ್ದು ಮಾಡಿ ಮೂರು ತುಂಡಾಯಿತು. ಅವನು ಮ್ಯಾಟಿನ ಅಂಚಿಗೆ ಬಿದ್ದು ಬದುಕಿಕೊಂಡ. ಮತ್ತೆ ಮಾತ್ರ ಈ ಆಟದ ಕಡೆ ತಲೆ ಹಾಕಲಿಲ್ಲ.

ತೂಕಕ್ಕೊಂದರಂತೆ ಕೋಲು ಕೊಳ್ಳುವುದು ಯಾವುದೇ ಒಂದು ಶಾಲೆಯ ಕೈಲಾಗುವ ಮಾತಲ್ಲ. ಆದ್ದರಿಂದ ಧಾರವಾಡ, ಗದಗ, ಹಾವೇರಿ ಈ ಮೂರೂ ಜಿಲ್ಲೆಗಳಿಗೆ ಸೇರಿ ಒಂದು ಕಡೆ ಕೋಲುಗಳ ಸಂಗ್ರಹವಿಟ್ಟು, ಗ್ರಂಥಾಲಯದ ಪುಸ್ತಕದಂತೆ ವಹಿಯಲ್ಲಿ ಬರೆದುಕೊಂಡು ಎರವಲು ಕೊಡುವ ಏರ್ಪಾಡನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಮಾಡಬೇಕೆಂದು ವಿನಂತಿಸುತ್ತೇನೆ. ಕೋಲುಗಳನ್ನು ಗೋಡೆಯ ಗೂಟಗಳ ಮೇಲೆ ಅಡ್ಡಲಾಗಿ ಇಡಬೇಕು, ಕೊಡುವಾಗ ಮತ್ತು ಮರಳಿ ಪಡೆಯುವಾಗ ಕೈಯಾಡಿಸಿ ಗೀರು ನೋಡಬೇಕು. ಜೊತೆಗೆ ಕೋಲು ಊರುವ ಬಾಕ್ಸಿಗೆ ನೀರು ಇಂಗುವ ತೂತು ಮತ್ತು ಮುಚ್ಚಳ, ಮ್ಯಾಟಿಗೆ ಮೇಲೊಂದು ತಗಡಿನ ಚಪ್ಪರ ಆಗಬೇಕು. ತಾಡಪತ್ರಿಯ ಕೆಳಗೆ ನಾಲ್ಕು ತಿಂಗಳು ನೀರು ಕುಡಿದ ಸ್ಪಂಜು ಬಿಸಿಲು ಬಿದ್ದ ಮೇಲೂ ಒಣಗುವುದಿಲ್ಲ, ಬಿದ್ದವರನ್ನು ತಾಳುವುದೂ ಇಲ್ಲ.

ಬರುವ ಜೂನ್ ಮೊದಲ ವಾರದೊಳಗೆ ಧಾರವಾಡದಲ್ಲಿ ಯಾವುದಾದರೂ ಶಾಲೆ ಅಥವಾ ಕಾಲೇಜು ಹಗ್ಗ ಕಟ್ಟಲು ಸೂರಿರುವ ಜಾಗ ಕೊಟ್ಟರೆ, ಬೆಳಗಿನ 6ರಿಂದ 8ರವರೆಗೆ ಬಂದು ಕಲಿಸಲು ನಾನು ಸಿದ್ಧನಿದ್ದೇನೆ. ವಾರಕ್ಕೆ ಎರಡು ದಿನ ಬರಲು ವಸ್ತಾದರೂ ಒಪ್ಪಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಸಪ್ತಾಪುರ, ಧಾರವಾಡ