ಗಣಿತದ ನೋಟ್‌ಬುಕ್ಕಿನ ಕೊನೇ ಪುಟ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. 'ಮೂರು ತಿಂಗಳಿಂದ ನೈಟ್ ಡ್ಯೂಟಿ ಅಮ್ಮಾ, ಚರ್ಚಿಗೆ ಹೋಗಿಲ್ಲ. ಪ್ರಾರ್ಥನೆಗೆ ಕೂತರೆ ನಿದ್ದೆ. ದೇವರ ಹತ್ತಿರ ಬಾಕಿ ಜಾಸ್ತಿ ಆಗಿದೆ' ಅಂದೆ.

ಬಾಕಿ ಅಂದ ಕೂಡಲೇ ನನ್ನ ಹಳೇ ನೋಟ್‌ಬುಕ್ ನೆನಪಾಯಿತು. ನನಗಾಗ 16 ವರ್ಷ. ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೆರೆ ಎಳೆದು ಪುಣ್ಯದ ಲೆಕ್ಕ ಇಡುತ್ತಿದ್ದೆ. ಬೆಳಗಿನ ಪ್ರಾರ್ಥನೆಗೆ ಒಂದು ನೀಲಿ ಗೀಟು, ತಮ್ಮನಿಗೆ ಹೊಡೆದರೆ ಒಂದು ಕೆಂಪು. ಒಂದು ತಿಂಗಳು ನೀಲಿಯೇ 11 ಜಾಸ್ತಿ ಬಂತು. ಆ ಖುಷಿಯಲ್ಲಿ ತಮ್ಮನಿಗೆ, 'ನೀನು ನರಕಕ್ಕೇ ಹೋಗೋದು' ಅಂದೆ. ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ಅಜ್ಜಿ ತಲೆಯೆತ್ತಿ, 'ಇದಕ್ಕೆ ಯಾವ ಬಣ್ಣ?' ಅಂದರು. ಅಷ್ಟೇ. ಮತ್ತೆ ಮೀನಿಗೆ ಕೈ ಹಾಕಿದರು.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಕಥೆಯ ಫರಿಸಾಯ, ಅಂದರೆ ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ, ದೇವಾಲಯದಲ್ಲಿ ನಿಂತು ಓದಿದ್ದೂ ಇಂಥದೇ ಪುಟ. ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು. ದೂರದಲ್ಲಿ ನಿಂತ ಸುಂಕದವನ ಹತ್ತಿರ ಓದಲು ಏನೂ ಇರಲಿಲ್ಲ. ಪಾಪಿಯಾದ ನನ್ನನ್ನು ಕರುಣಿಸು ಅಂದ. ನೀತಿವಂತನಾಗಿ ಮನೆಗೆ ಹೋದವನು ಅವನೇ.

ನಮ್ಮ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಕಿದ ಮಾರ್ಟಿನ್ ಲೂಥರ್ ಕೂಡ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪ ಒಪ್ಪಿಕೊಳ್ಳುತ್ತಿದ್ದರಂತೆ. ಒಂದಾದರೂ ಬಿಟ್ಟುಹೋಗಿದ್ದರೆ ಅನ್ನುವ ಹೆದರಿಕೆ. ಆ ಹೆದರಿಕೆ ಬಿಡಿಸಿದ್ದು ರೋಮಾಪುರದವರಿಗೆ ಪೌಲ ಬರೆದ ಪತ್ರ: ನೀತಿವಂತನು ನಂಬಿಕೆಯಿಂದಲೇ ಬದುಕುವನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಪ್ರೊಟೆಸ್ಟೆಂಟ್ ಪಾದ್ರಿಗಳಿಂದ ನಮ್ಮ ಹಿರಿಯರು ಕೇಳಿದ್ದೂ ಇದನ್ನೇ. ನಿನ್ನ ರೂಮ್‌ಮೇಟ್ ಕೆಥೋಲಿಕ್ ಅಂತ ವಾದಕ್ಕೆ ಇಳಿಯಬೇಡ ಮತ್ತೆ. ಪಾಪದಿಂದ ರಕ್ಷಣೆ ದೇವರ ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ ಅಂತ 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕೆಥೋಲಿಕರೂ ಲೂಥರನ್ನರೂ ಒಟ್ಟಿಗೇ ಸಹಿ ಹಾಕಿದ್ದಾರೆ.

'ಹಾಗಾದರೆ ಒಳ್ಳೆ ಕೆಲಸ ಯಾಕೆ ಮಾಡಬೇಕು?' ಅಂತ ಕೇಳ್ತೀ, ಗೊತ್ತು. ಸಂಡೇ ಸ್ಕೂಲಿನಲ್ಲಿ ನಮಗೆ ಎಫೆಸದವರ ಪತ್ರದ ಎರಡನೇ ಅಧ್ಯಾಯ ಬಾಯಿಪಾಠ ಮಾಡಿಸಿ, ರಕ್ಷಣೆ ಕ್ರಿಯೆಗಳಿಂದ ಬಂದದ್ದಲ್ಲ ಅನ್ನುವ ಒಂಬತ್ತನೇ ವಚನಕ್ಕೇ ನಿಲ್ಲಿಸುತ್ತಿದ್ದರು. ಅದು ನನಗೆ ಇವತ್ತಿಗೂ ಸಿಟ್ಟು. ಹತ್ತನೇ ವಚನ ಓದು. ದೇವರು ನಮ್ಮನ್ನು ಉಂಟುಮಾಡಿದ್ದೇ ಸತ್ಕ್ರಿಯೆಗಳಿಗಾಗಿ ಅಂತಿದೆ. ಕೆಲಸ ಇದೆ, ಕೂಲಿಗಾಗಿ ಅಲ್ಲ. ಹೊಟ್ಟೆ ತುಂಬಿದ ಮಗು ತಾನಾಗಿ ಆಡೋದಿಲ್ವಾ, ಹಾಗೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬ ತನ್ನ ಪತ್ರದಲ್ಲಿ ಬೈದದ್ದು ಬರೀ ಬಾಯಿಮಾತಿನ ನಂಬಿಕೆಯನ್ನು.

ರಾತ್ರಿ ಮೂರು ಗಂಟೆಗೆ ಯಾರದೋ ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸ್ತೀಯಲ್ಲ, ಅದನ್ನೂ ಜಮೆಗೆ ಹಿಡಿಯಬೇಡ ಮಗಾ. ಸುಮ್ನೆ ಮಾಡು. ಪ್ರಾರ್ಥನೆಯಲ್ಲಿ ನಿದ್ದೆ ಬಂದರೆ ಮಲಗು.

ಒಣಮೀನು ಕಟ್ಟಿಟ್ಟಿದ್ದೇನೆ, ಈ ವಾರ ಕಳಿಸ್ತೇನೆ.

ನಿನ್ನ ಅಮ್ಮ